ಸ್ಪ್ಯಾನಿಷ್ ಬೋಧನೆಯ ಉಚಿತ ಜಾಲಪಾಠಗಳು: ಕನ್ನಡ ವಿದ್ಯಾರ್ಥಿಯ ದೃಷ್ಟಿಯಿಂದ ಒಂದು ವಿಮರ್ಶೆ

ಉಚಿತವೆಂಬ ಶಬ್ದಕ್ಕೆ ಪ್ರಾಚೀನ ಗ್ರಂಥಗಳಲ್ಲಿ ತಕ್ಕುದು, ಯೋಗ್ಯವಾದುದು ಎಂಬುದೇ ಅರ್ಥ. ಹನ್ನೊಂದನೆಯ ಶತಮಾನದ ಕ್ಷೇಮೇಂದ್ರನು ಔಚಿತ್ಯವನ್ನೇ ಕಾವ್ಯದ ಜೀವವೆಂದು ಪ್ರತಿಪಾದಿಸಿದನು. ಬೆಲೆಯಿಲ್ಲದೆ ದೊರೆಯುವುದೆಂಬ ಅರ್ಥವು ಇಂದಿನ ಬಳಕೆಯಲ್ಲಿ ರೂಢವಾಗಿದೆ. ಸ್ಪ್ಯಾನಿಷ್ ಬೋಧನೆಗಾಗಿ ಅಂತರ್ಜಾಲದಲ್ಲಿ ದೊರೆಯುವ ಸಾಮಗ್ರಿಯು ಈ ಎರಡನೆಯ ಅರ್ಥದಲ್ಲಿ ಉಚಿತವೆಂಬುದು ನಿರ್ವಿವಾದ. ಕನ್ನಡ ತರಗತಿಗೆ ಅದು ಮೊದಲನೆಯ ಅರ್ಥದಲ್ಲಿಯೂ ಉಚಿತವೇ ಎಂಬುದು ಇಲ್ಲಿ ವಿಚಾರಿಸತಕ್ಕ ವಿಷಯ.

ಈ ಸಾಮಗ್ರಿಯಲ್ಲಿ ಎರಡು ಬಗೆಗಳು ಮುಖ್ಯವಾಗಿವೆ. 1991ರಲ್ಲಿ ಸ್ಥಾಪಿತವಾದ ಸೆರ್ವಾಂತೆಸ್ ಸಂಸ್ಥೆಯು 1997ರಿಂದ ನಡೆಯಿಸುತ್ತಿರುವ ಜಾಲಕೇಂದ್ರವು ಮೊದಲನೆಯದು. ಎ1ರಿಂದ ಸಿ2ರವರೆಗಿನ ಆರು ಮೆಟ್ಟಿಲುಗಳಲ್ಲಿ ವ್ಯಾಕರಣ, ಶಬ್ದಸಂಗ್ರಹ, ಲೋಕವ್ಯವಹಾರಗಳನ್ನು ವಿಂಗಡಿಸಿರುವ ಅದರ ಪಠ್ಯಕ್ರಮದ ಶಿಸ್ತು ಪ್ರಶಂಸನೀಯ. ಆದರೆ ಅಲ್ಲಿಯ ವಿವರಣೆಯೆಲ್ಲ ಸ್ಪ್ಯಾನಿಷಿನಲ್ಲಿಯೇ ಇರುವುದು. ಅಮೆರಿಕದ ವಿದೇಶ ಸೇವಾ ಶಿಕ್ಷಣಸಂಸ್ಥೆಯು 1950ರ ದಶಕದಲ್ಲಿ ತನ್ನ ನೌಕರರಿಗಾಗಿ ಸಿದ್ಧಪಡಿಸಿದ 55 ಘಟಕಗಳ ಪಾಠಮಾಲೆಯು ಎರಡನೆಯದು. ಅದರಲ್ಲಿ ಧ್ವನಿಮುದ್ರಣವೂ ಅಭ್ಯಾಸವೂ ಹೇರಳವಾಗಿವೆ. ವಿವರಣೆ ಮಾತ್ರ ಇಂಗ್ಲಿಷರ ನುಡಿಯವರನ್ನು ಕುರಿತದ್ದು.

ಬಬಲೇಶ್ವರ ತಾಲೂಕಿನ ನಿಡೋಣಿಯಂಥ ಊರಿನಲ್ಲಿ ಕನ್ನಡದಲ್ಲಿ ಓದಿದ ವಿದ್ಯಾರ್ಥಿಯು ಸ್ಪ್ಯಾನಿಷ್ ಕಲಿಯಲು ತೊಡಗಿದನೆಂದು ಭಾವಿಸೋಣ. ಅವನು ಇನ್ನೂ ಕಲಿಯುತ್ತಲೇ ಇರುವ ಇಂಗ್ಲಿಷಿನ ಮೂಲಕ ಮೂರನೆಯ ಭಾಷೆಯನ್ನು ಹಿಡಿಯಬೇಕಾಗುತ್ತದೆ. ಈ ಸುತ್ತುದಾರಿಯಿಂದ ಆಗುವ ಹಾನಿಯು ಶ್ರಮವೊಂದೇ ಅಲ್ಲ. ತನ್ನ ನುಡಿಯಲ್ಲಿಯೇ ಇರುವ ನೆರವು ಅವನಿಗೆ ಕಾಣದೆ ಹೋಗುತ್ತದೆ.

ಒಂದು ಉದಾಹರಣೆ ಸಾಕು. 'ಮೆ ಗುಸ್ತಾ ಎಲ್ ಮಾಂಗೊ' ಎಂಬ ವಾಕ್ಯವು ಇಂಗ್ಲಿಷರಿಗೆ ತಲೆಕೆಳಗಾಗಿ ತೋರುತ್ತದೆ. ಅವರ ನುಡಿಯಲ್ಲಿ ಇಷ್ಟಪಡುವವನೇ ಕರ್ತೃ. ಆದ್ದರಿಂದ ಅವರಿಗಾಗಿ ಬರೆದ ಪಾಠಗಳು ಇದನ್ನು ವಿಚಿತ್ರ ಪ್ರಯೋಗವೆಂದು ಬಹಳವಾಗಿ ವಿವರಿಸುತ್ತವೆ. ಕನ್ನಡಿಗನಿಗೆ ಇದು 'ನನಗೆ ಮಾವಿನಹಣ್ಣು ಹಿಡಿಸುತ್ತದೆ' ಎಂಬುದೇ ಸರಿ. ಹಣ್ಣು ಬಹುವಚನವಾದರೆ ಅಲ್ಲಿ 'ಗುಸ್ತಾನ್', ಇಲ್ಲಿ 'ಹಿಡಿಸುತ್ತವೆ'. 'ನನಗೆ' ಎಂಬುದನ್ನು 'ನನಗ' ಎನ್ನುವ ವಿಜಯಪುರದ ಬಾಲಕನಿಗೂ ಈ ರಚನೆ ಮನೆಯ ಮಾತೇ ಆಗಿರುತ್ತದೆ. ಕ್ರಿಯಾಪದದ ಪ್ರತ್ಯಯವೇ ಪುರುಷವನ್ನು ಸೂಚಿಸುವುದರಿಂದ 'ನಾನು' ಎಂಬುದನ್ನು ಬಿಡಬಹುದೆಂಬ ನಿಯಮವೂ, 'ತೂ' ಮತ್ತು 'ಉಸ್ತೆದ್' ಎಂಬ ಸಲಿಗೆ-ಗೌರವಗಳ ಭೇದವೂ ಅವನಿಗೆ ಹೊಸವಲ್ಲ. 'ಬಾ' ಎಂದೂ 'ಬರ್ರಿ' ಎಂದೂ ಯಾರಿಗೆ ಹೇಳತಕ್ಕುದೆಂಬುದನ್ನು ಅವನು ಶಾಲೆಗೆ ಬರುವ ಮೊದಲೇ ಬಲ್ಲನು. ಸ್ಪ್ಯಾನಿಷಿನ ತಕಾರ ದಕಾರಗಳು ಕನ್ನಡದವುಗಳಂತೆಯೇ ದಂತ್ಯಗಳು.

ಹೀಗೆಂದು ಎಲ್ಲವೂ ಸುಲಭವೆಂದು ಹೇಳಲಾಗದು. ಮೇಜು ಕುರ್ಚಿಗಳಿಗೂ ಸ್ತ್ರೀಲಿಂಗ ಪುಲ್ಲಿಂಗಗಳನ್ನು ಕಲ್ಪಿಸುವ ಪದ್ಧತಿ ಅರ್ಥಾನುಸಾರಿಯಾದ ಕನ್ನಡದ ಲಿಂಗವ್ಯವಸ್ಥೆಗೆ ಹೊರಗಿನದು. ನಾಮಪದದ ಮುಂದೆ ನಿಲ್ಲುವ ಸಂಬಂಧಸೂಚಕಗಳು, ನಡುವೆ ಬರುವ ಕ್ರಿಯಾಪದ, 'ಸೆರ್' ಮತ್ತು 'ಎಸ್ತಾರ್' ಎಂಬ ಎರಡು ಧಾತುಗಳು ಇವಕ್ಕೆ ದೀರ್ಘಾಭ್ಯಾಸ ಬೇಕು. ಕೊನೆಯದಕ್ಕೆ ಕನ್ನಡದಿಂದ ಕಿಂಚಿತ್ ನೆರವುಂಟು: 'ಅವನು ವೈದ್ಯ' ಎಂಬಲ್ಲಿ ಕ್ರಿಯಾಪದವಿಲ್ಲ, 'ಅವನು ಮನೆಯಲ್ಲಿದ್ದಾನೆ' ಎಂಬಲ್ಲಿ ಉಂಟು, ಸ್ಪ್ಯಾನಿಷಿನಲ್ಲಿ ಮೊದಲನೆಯದಕ್ಕೆ 'ಸೆರ್', ಎರಡನೆಯದಕ್ಕೆ 'ಎಸ್ತಾರ್' ಸಲ್ಲುತ್ತದೆ. ಆದರೆ ಗುಣವಾಚಕಗಳ ವಿಷಯದಲ್ಲಿ ಈ ಸಾಮ್ಯವು ನಿಲ್ಲದು. ಆದ್ದರಿಂದ ಕನ್ನಡಿಗನ ಪಾಠಕ್ರಮದಲ್ಲಿ ಎಲ್ಲಿ ನಿಲ್ಲಬೇಕು, ಎಲ್ಲಿ ಬೇಗ ಸಾಗಬೇಕು ಎಂಬುದು ಇಂಗ್ಲಿಷರ ಕ್ರಮಕ್ಕಿಂತ ಭಿನ್ನವಾಗಿರತಕ್ಕುದು.

ಇದನ್ನು ಸರಿಪಡಿಸುವ ಮಾರ್ಗವನ್ನು ವಿಚಾರಿಸುವಾಗ ಉಚಿತವೂ ಮುಕ್ತವೂ ಒಂದೇ ಅಲ್ಲವೆಂಬುದನ್ನು ಗಮನಿಸಬೇಕು. ಸೆರ್ವಾಂತೆಸ್ ಸಂಸ್ಥೆಯ ಪಾಠಗಳನ್ನು ಓದಲು ಬೆಲೆಯಿಲ್ಲ. ಆದರೆ ಹಕ್ಕುಗಳು ಕಾಯ್ದಿರಿಸಲ್ಪಟ್ಟಿರುವುದರಿಂದ ಅವನ್ನು ಮಾರ್ಪಡಿಸಿ ಪ್ರಕಟಿಸಲು ಅಪ್ಪಣೆ ಬೇಕು. ಅಮೆರಿಕದ ಪಾಠಮಾಲೆಯು ಸಾರ್ವಜನಿಕ ಸ್ವತ್ತು. ಅದರ ವಿವರಣೆಯನ್ನು ತೆಗೆದು ಕನ್ನಡಕ್ಕೆ ಒಪ್ಪುವ ವಿವರಣೆಯನ್ನು ಸೇರಿಸುವುದಕ್ಕೆ ಅಡ್ಡಿಯಿಲ್ಲ. ಇದರ ವಾಕ್ಯಗಳು ಹಳೆಯ ಕಾಲದ ರಾಯಭಾರಿ ಕಚೇರಿಯವಾದರೂ ಬೋಧಕನಿಗೆ ಇದೇ ಹೆಚ್ಚು ಉಪಯುಕ್ತವೆಂದು ನಿರ್ಣಯಿಸಬೇಕಾಗುತ್ತದೆ.

ಇಂಥ ಕಾರ್ಯಕ್ಕೆ ಕನ್ನಡದಲ್ಲಿ ಸಾಧನಗಳಿಲ್ಲದೆ ಇಲ್ಲ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಸಂಗ್ರಹಿಸಿದ, ಒಂದೂವರೆ ಲಕ್ಷದಷ್ಟು ಶಬ್ದಗಳ ಕನ್ನಡ-ಇಂಗ್ಲಿಷ್ ಕೋಶವು 2019ರಲ್ಲಿ 'ಅಲರ್' ಎಂಬ ಹೆಸರಿನಿಂದ ಮುಕ್ತ ಪರವಾನಗಿಯಲ್ಲಿ ಪ್ರಕಟವಾಯಿತು. ಕನ್ನಡ-ಸ್ಪ್ಯಾನಿಷ್ ಶಬ್ದಪಟ್ಟಿಗೆ ಅದು ಭದ್ರವಾದ ತಳಹದಿಯಾಗಬಲ್ಲುದು. ಉಪಾಧ್ಯಾಯರೇ ಪಾಠಗಳನ್ನು ಬರೆದು ತಿದ್ದುವ ಮಾದರಿಯನ್ನು ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲವೆಂಬ ಜಾಲತಾಣವು ತೋರಿಸಿಕೊಟ್ಟಿದೆ.

ಬೆಲೆಯಿಲ್ಲದ ಪಾಠವು ಕಲಿಯುವವನ ನುಡಿಯನ್ನು ಕಡೆಗಣಿಸಿದರೆ, ಅದರ ಬೆಲೆಯನ್ನು ಅವನು ಕಾಲದಿಂದಲೂ ಆತ್ಮವಿಶ್ವಾಸದಿಂದಲೂ ತೆರಬೇಕಾಗುವುದು. 'ನನಗೆ' ಎಂಬ ತನ್ನ ಮಾತೇ ದೂರದ ಭಾಷೆಯೊಂದಕ್ಕೆ ಬಾಗಿಲೆಂದು ಅರಿತ ವಿದ್ಯಾರ್ಥಿಯು ಎರಡು ಭಾಷೆಗಳನ್ನೂ ಗೌರವಿಸುವನು. ಆ ಅರಿವನ್ನುಂಟುಮಾಡುವ ಪಾಠವೇ ಎರಡರ್ಥದಲ್ಲಿಯೂ ಉಚಿತವೆನಿಸುವುದು.