ಹೆನ್ರಿ ಜಾರ್ಜನ ಗ್ರಂಥವೂ ಶಾಲ್ಕೆನ್‌ಬಾಕ್ ದತ್ತಿಯೂ

ನಮ್ಮ ನಾಡಿನ ಶಾಸನಗಳಲ್ಲಿ ದತ್ತಿಯೆಂಬ ಮಾತು ಪದೇ ಪದೇ ಬರುವುದು. ದೇವಾಲಯಕ್ಕಾಗಲಿ ಮಠಕ್ಕಾಗಲಿ ಅಗ್ರಹಾರಕ್ಕಾಗಲಿ ನೆಲವನ್ನು ಕೊಟ್ಟು, ಅನೇಕ ವೇಳೆ ಅದರ ಮೇಲಣ ತೆರಿಗೆಯನ್ನೂ ಬಿಟ್ಟು, ಸರ್ವಮಾನ್ಯವಾಗಿ ನಡೆಯತಕ್ಕದ್ದೆಂದು ವಿಧಿಸುವುದು ಅಲ್ಲಿಯ ಪರಿಚಿತವಾದ ಕ್ರಮ. ಇದಕ್ಕೆ ಎದುರು ದಿಕ್ಕಿನ ದತ್ತಿಯೊಂದು ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಹುಟ್ಟಿತು. ನ್ಯೂಯಾರ್ಕಿನ ಮುದ್ರಕನಾಗಿದ್ದ ರಾಬರ್ಟ್ ಶಾಲ್ಕೆನ್‌ಬಾಕ್ ಎಂಬಾತನು ತನ್ನ ಮರಣಶಾಸನದಲ್ಲಿ ಬಿಟ್ಟ ಹಣದಿಂದ ಆತನ ಹೆಸರಿನ ಸಂಸ್ಥೆಯು 1925ರಲ್ಲಿ ಸ್ಥಾಪಿತವಾಯಿತು. ತೆರಿಗೆಯ ಭಾರವೆಲ್ಲವೂ ನೆಲದ ಬೆಲೆಯ ಮೇಲೆಯೇ ಬೀಳತಕ್ಕದ್ದೆಂದು ವಾದಿಸಿದ ಹೆನ್ರಿ ಜಾರ್ಜನ ಗ್ರಂಥಗಳನ್ನು ಅಚ್ಚಿನಲ್ಲಿ ಉಳಿಸಿ, ಆತನ ತತ್ತ್ವವನ್ನು ಹರಡುವುದೇ ಅದರ ಉದ್ದೇಶ. ಆ ತತ್ತ್ವದ ಗುಣದೋಷಗಳನ್ನು ಸಮಗ್ರವಾಗಿ ತೂಗುವುದು ಈ ಲೇಖನದ ಕೆಲಸವಲ್ಲ. ಗ್ರಂಥವೊಂದನ್ನು ದತ್ತಿಯು ಕಾಪಾಡುವಾಗ ಏನು ಉಳಿಯುವುದು, ಏನು ಜಾರುವುದು, ಅದನ್ನು ಕನ್ನಡಕ್ಕೆ ತರಬೇಕೆನ್ನುವವರಿಗೆ ಇದರಿಂದ ದೊರೆಯುವ ಎಚ್ಚರಿಕೆಯೇನು ಎಂಬಿಷ್ಟನ್ನು ಮಾತ್ರ ಇಲ್ಲಿ ವಿಚಾರಿಸಲಾಗುವುದು.

ಹೆನ್ರಿ ಜಾರ್ಜನು 1839ರಲ್ಲಿ ಫಿಲಡೆಲ್ಫಿಯಾದಲ್ಲಿ ಹುಟ್ಟಿದನು. 1855ರಲ್ಲಿ, ಇನ್ನೂ ಹುಡುಗನಾಗಿದ್ದಾಗಲೇ, ‘ಹಿಂದೂ’ ಎಂಬ ಹೆಸರಿನ ಹಡಗಿನಲ್ಲಿ ಕೆಲಸಕ್ಕೆ ಸೇರಿ ಮೆಲ್ಬರ್ನ್ ಮತ್ತು ಕಲ್ಕತ್ತೆಗಳನ್ನು ಕಂಡುಬಂದನು. ಅನಂತರ ಅಚ್ಚುಮೊಳೆ ಜೋಡಿಸುವ ವೃತ್ತಿಯನ್ನು ಕಲಿತು, ಕ್ಯಾಲಿಫೋರ್ನಿಯಾದಲ್ಲಿ ಪತ್ರಿಕೋದ್ಯೋಗಿಯಾದನು. ಆತನ ಮುಖ್ಯ ಗ್ರಂಥವಾದ ‘ಪ್ರೋಗ್ರೆಸ್ ಅಂಡ್ ಪಾವರ್ಟಿ’ಯು 1877ರಲ್ಲಿ ಆರಂಭವಾಗಿ 1879ರಲ್ಲಿ ಮುಗಿಯಿತು. ಪ್ರಕಾಶಕರು ಹಿಂಜರಿದುದರಿಂದ ಮೊದಲ 500 ಪ್ರತಿಗಳನ್ನು ಗ್ರಂಥಕರ್ತನೇ ಅಚ್ಚು ಮಾಡಿಸಿದನು. ಮೊಳೆ ಜೋಡಿಸುವ ಕೆಲಸದಲ್ಲಿಯೂ ತಾನೇ ಕೈಹಾಕಿದನು. ಮುದ್ರಕನಾಗಿ ಬಾಳಿದವನ ಗ್ರಂಥವನ್ನು ಕಾಪಾಡುವ ಭಾರವು ಮತ್ತೊಬ್ಬ ಮುದ್ರಕನ ಹಣದ ಮೇಲೆ ಬಿದ್ದುದು ಉಚಿತವಾಗಿಯೇ ಇದೆ.

ಈ ಸಂಸ್ಥೆಯು ಮೂಲವನ್ನು ಮತ್ತೆ ಮತ್ತೆ ಅಚ್ಚು ಮಾಡಿಸಿರುವುದಲ್ಲದೆ, ಸಂಗ್ರಹಗಳನ್ನೂ ಹೊರತಂದಿದೆ. ಇವುಗಳಲ್ಲಿ ಎರಡು ವಿಚಾರಾರ್ಹವಾದುವು. ಒಂದು, ಹ್ಯಾರಿ ಗನ್ನಿಸನ್ ಬ್ರೌನ್ ಎಂಬ ಅರ್ಥಶಾಸ್ತ್ರಜ್ಞನು ಆಯ್ದ ಪರಿಚ್ಛೇದಗಳ ಸಂಕಲನ. ಜಾನ್ ಡ್ಯೂಯಿಯ ಮುನ್ನುಡಿಯೊಡನೆ ಇದು 1928ರಲ್ಲಿ ಪ್ರಕಟವಾಯಿತು. ಇನ್ನೊಂದು, ಬಾಬ್ ಡ್ರೇಕ್ ಎಂಬವರು ಈ ಕಾಲದ ಓದುಗರಿಗಾಗಿ ಸಂಕ್ಷೇಪಿಸಿ 2006ರಲ್ಲಿ ಹೊರಬಂದ ಪಾಠ. ಮೊದಲನೆಯದು ಮೂಲದ ಮಾತನ್ನೇ ಇಟ್ಟುಕೊಂಡು ಕಟ್ಟಡವನ್ನು ಬಿಟ್ಟಿದೆ. ಎರಡನೆಯದು ಕಟ್ಟಡವನ್ನು ಇಟ್ಟುಕೊಂಡು ಮಾತನ್ನು ಬದಲಾಯಿಸಿದೆ.

ಮೂಲದ ಕಟ್ಟಡವು ಎಂತಹುದೆಂಬುದನ್ನು ಇಲ್ಲಿ ಹೇಳಬೇಕು. ಅದು ಹತ್ತು ಸ್ಕಂಧಗಳಾಗಿ ವಿಭಾಗಗೊಂಡಿದೆ. ಮೊದಲನೆಯದರಲ್ಲಿ ಕೂಲಿ, ಬಂಡವಾಳಗಳ ಲಕ್ಷಣ. ಎರಡನೆಯದರಲ್ಲಿ ಮಾಲ್ಥಸನ ಜನಸಂಖ್ಯಾವಾದದ ಖಂಡನೆ. ಮೂರನೆಯದರಲ್ಲಿ ಉತ್ಪತ್ತಿಯು ಹಂಚಿಹೋಗುವ ನಿಯಮಗಳು. ಇಷ್ಟಾದ ಮೇಲೆಯೇ ನಾಲ್ಕನೆಯ ಸ್ಕಂಧದಲ್ಲಿ ಆ ಪ್ರಸಿದ್ಧವಾದ ಹುಲ್ಲುಗಾವಲಿನ ವರ್ಣನೆಯು ಬರುತ್ತದೆ. ಎಲ್ಲೆಲ್ಲಿಯೂ ಒಂದೇ ತೆರನಾದ, ಕೊನೆಯಿಲ್ಲದ ಬಯಲು. ಅಲ್ಲಿಗೆ ಒಬ್ಬ ವಲಸೆಗಾರನು ಬಂದು ಎಲ್ಲಿಯೋ ಒಂದು ಕಡೆ ನೆಲಸುವನು. ಎರಡನೆಯವನು ಬಂದಾಗ ಅವನ ನೆರೆಯನ್ನೇ ಆರಿಸಿಕೊಳ್ಳುವನು. ಕಮ್ಮಾರನು ಬರುವನು, ಅಂಗಡಿ ಬರುವುದು, ಊರು ಬೆಳೆದು ಮಹಾನಗರವಾಗುವುದು. ಮೊದಲು ಬಂದವನ ನೆಲದ ಸಾರವು ಒಂದಿಷ್ಟೂ ಹೆಚ್ಚಲಿಲ್ಲ. ಆತನು ನಿದ್ದೆಹೋಗಿದ್ದರೂ ಕೋಟ್ಯಧೀಶನಾಗಿ ಏಳುವನು. ಸುತ್ತ ನೆರೆದ ಜನವೇ ಆ ಬೆಲೆಯನ್ನು ಹುಟ್ಟಿಸಿತೆಂಬುದು ಗ್ರಂಥಕರ್ತನ ತೀರ್ಮಾನ.

ಮೂರು ಸ್ಕಂಧಗಳನ್ನು ದಾಟಿ ಬಂದ ವಾಚಕನಿಗೆ ಈ ಭಾಗವು ಸಾಧನೆಯ ಒಂದು ಮೆಟ್ಟಿಲು. ಆಯ್ದ ಪರಿಚ್ಛೇದಗಳನ್ನಷ್ಟೇ ಓದುವವನಿಗೆ ಅದು ಸೊಗಸಾದ ದೃಷ್ಟಾಂತ ಮಾತ್ರ. ದೃಷ್ಟಾಂತವನ್ನು ಮೆಚ್ಚಬಹುದು, ಬಿಡಬಹುದು. ಸಾಧನೆಯನ್ನಾದರೋ ಒಪ್ಪಬೇಕು, ಇಲ್ಲವೆ ಖಂಡಿಸಬೇಕು. 1928ರ ಸಂಕಲನದ ಕೊರತೆಯು ಇಲ್ಲಿಯೇ ಇದೆ. 2006ರ ಪಾಠವು ಕ್ರಮವನ್ನು ಕೆಡಿಸದಿರುವುದರಿಂದ ಈ ದೋಷಕ್ಕೆ ಒಳಗಾಗಿಲ್ಲ. ಕೂಲಿಯು ಬಂಡವಾಳದಿಂದ ಸಲ್ಲುವುದೆಂಬ ಆ ಕಾಲದ ವಾದವು ಇಂದು ನಿರ್ಜೀವವಾಗಿರುವುದರಿಂದ, ಅದರ ಖಂಡನೆಯು ಚಿಕ್ಕದಾದುದು ಲಾಭವೇ ಸರಿ. ಆದರೆ ಹುಲ್ಲುಗಾವಲಿನ ಭಾಗದಲ್ಲಿ ಮೂಲದ ನೀಳವಾಕ್ಯಗಳು ಅಲಂಕಾರಕ್ಕಾಗಿ ನೀಳವಾದುವಲ್ಲ. ಒಂದರ ಮೇಲೊಂದು ಉಪವಾಕ್ಯವು ಬಂದು ಕೂಡುತ್ತಿರುವಂತೆಯೇ ನೆಲದ ಬೆಲೆಯೂ ಕೂಡುತ್ತ ಹೋಗುವುದು. ಅವುಗಳನ್ನು ತುಂಡು ತುಂಡು ಮಾಡಿದಾಗ ಅರ್ಥವು ಬೇಗನೆ ತಿಳಿಯುತ್ತದೆಯೇ ಹೊರತು ಬೆಳವಣಿಗೆಯು ಅನುಭವಕ್ಕೆ ಬರುವುದಿಲ್ಲ.

ಇನ್ನು ಕನ್ನಡದ ಪ್ರಶ್ನೆ. ಈ ಗ್ರಂಥವು ‘ರೆಂಟ್’ ಎಂಬ ಒಂದು ಪದದ ಮೇಲೆ ನಿಂತಿದೆ. ರಿಕಾರ್ಡೋನನ್ನು ಅನುಸರಿಸಿ ಜಾರ್ಜನು ಕೊಡುವ ಅರ್ಥವಿದು: ಸಾಗುವಳಿಯಲ್ಲಿರುವ ಕಡೆಯ ತರದ ನೆಲದಲ್ಲಿ ಅಷ್ಟೇ ದುಡಿಮೆಯಿಂದ ದೊರೆಯುವುದಕ್ಕಿಂತ ಒಂದು ನೆಲವು ಹೆಚ್ಚಾಗಿ ಕೊಡುವ ಭಾಗ. ಒಡೆಯನೇ ಉತ್ತರೂ ಅದು ಇರುತ್ತದೆ. ನಮ್ಮ ಅರ್ಥಶಾಸ್ತ್ರದ ಪಠ್ಯಗಳು ಇದಕ್ಕೆ ‘ಗೇಣಿ’ಯೆಂಬ ಶಬ್ದವನ್ನು ಬಳಸುತ್ತವೆ. ಆದರೆ ಕನ್ನಡಿಗನ ಕಿವಿಯಲ್ಲಿ ಗೇಣಿಯೆಂದರೆ ಒಕ್ಕಲು ಒಡೆಯನಿಗೆ ಅಳೆದುಕೊಡುವ ಧಾನ್ಯ ಅಥವಾ ಹಣ. ಕರ್ನಾಟಕದಲ್ಲಿ 1974ರಲ್ಲಿ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯು ಆ ಗೇಣಿಯನ್ನು ತೊಡೆಯಲು ಹೊರಟಿತು. ಜಾರ್ಜನ ‘ರೆಂಟ್’ ಯಾವ ಶಾಸನದಿಂದಲೂ ತೊಡೆದುಹೋಗದು. ಅದನ್ನು ಯಾರು ಪಡೆಯಬೇಕೆಂಬುದು ಮಾತ್ರ ಶಾಸನದ ಕೈಯಲ್ಲಿದೆ. ಬೆಂಗಳೂರಿನ ಖಾಲಿ ನಿವೇಶನದ ಬೆಲೆಯಲ್ಲಿ ಅದು ಎಲ್ಲರಿಗೂ ಕಾಣುವಂತಿದೆ. ಅಲ್ಲಿ ಒಕ್ಕಲೂ ಇಲ್ಲ, ಗೇಣಿಯೂ ಇಲ್ಲ.

‘ಕಂದಾಯ’ವೆಂಬ ಪದದಿಂದ ಇನ್ನೂ ದೊಡ್ಡ ತೊಡಕು ಬರುವುದು. ಸರಕಾರವು ನೆಲದಿಂದ ತೆರಿಗೆಯೆತ್ತುವುದೇ ದಾರಿದ್ರ್ಯಕ್ಕೆ ಮದ್ದಾದರೆ, ನೆಲದ ತೆರಿಗೆಯಿಂದಲೇ ಬೊಕ್ಕಸವನ್ನು ತುಂಬಿಕೊಂಡ ಭಾರತದಲ್ಲಿ ದಾರಿದ್ರ್ಯವೇಕೆ ಉಳಿಯಿತೆಂದು ವಿದ್ಯಾರ್ಥಿಯು ಕೇಳಿಯೇ ಕೇಳುವನು. ಈ ಆಕ್ಷೇಪವು ಹಗುರವಾದುದಲ್ಲ. ರಿಕಾರ್ಡೋನ ಸಿದ್ಧಾಂತವನ್ನೇ ಹಿಡಿದು ಪ್ರಿಂಗಲ್ ಎಂಬ ಅಧಿಕಾರಿಯು ದಖನ್ನಿನಲ್ಲಿ ಕಂದಾಯವನ್ನು ಗೊತ್ತುಮಾಡಲು ಯತ್ನಿಸಿದನು. ಆ ಯತ್ನವು ರೈತರನ್ನು ಬಳಲಿಸಿ ವಿಫಲವಾಯಿತು. 1835ರಿಂದ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟರು ಬೇರೊಂದು ಮೋಜಣಿಯ ಕ್ರಮವನ್ನು ಆರಂಭಿಸಿದರು; ಅದೇ ಮುಂದೆ ಧಾರವಾಡ ಸೀಮೆಗೂ ಬಂದಿತು. ಕಾಗದದ ಮೇಲಿನ ‘ಮಿಗುತೆ’ಯು ಹೊಲದಲ್ಲಿ ರೈತನ ಕೂಲಿಯನ್ನೇ ಕಬಳಿಸಬಹುದೆಂಬುದಕ್ಕೆ ಪ್ರಿಂಗಲನ ಪ್ರಯೋಗವು ಸಾಕ್ಷಿ.

ಜಾರ್ಜನ ಉತ್ತರವು ಎರಡನೆಯ ಸ್ಕಂಧದಲ್ಲಿ, ಭಾರತವನ್ನು ಕುರಿತ ಪುಟಗಳಲ್ಲಿದೆ. ಇಲ್ಲಿಯ ಕ್ಷಾಮಗಳಿಗೆ ಜನರ ಸಂಖ್ಯೆಯು ಕಾರಣವಲ್ಲ, ದುಡಿದವನ ಫಲವನ್ನು ಕಿತ್ತುಕೊಳ್ಳುವ ಸುಲಿಗೆಯೇ ಕಾರಣವೆಂದು ಆತನು ಫ್ಲಾರೆನ್ಸ್ ನೈಟಿಂಗೇಲ್ ಮತ್ತು ಹೈಂಡ್‌ಮನ್‌ರ ಬರಹಗಳನ್ನು ಮುಂದಿಟ್ಟು ವಾದಿಸುವನು. ದೇಶದಿಂದ ಹೊರಕ್ಕೆ ಹರಿದುಹೋಗುವ ಧನವನ್ನೂ ಎತ್ತಿ ತೋರಿಸುವನು. ಆತನು ಹೀಗೆ ಬರೆಯುತ್ತಿದ್ದ ಕಾಲವು ನಮ್ಮ ನಾಡಿನ ಧಾತು ಈಶ್ವರ ಸಂವತ್ಸರಗಳ ಬರಕ್ಕೆ ಹೊಂದಿಕೊಂಡ ಕಾಲ. 1871ರಲ್ಲಿ 50 ಲಕ್ಷಕ್ಕೆ ಮೀರಿದ್ದ ಮೈಸೂರಿನ ಜನಸಂಖ್ಯೆಯು 1881ರ ಗಣತಿಯಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಈ ಪುಟಗಳನ್ನು ಕಿರಿದು ಮಾಡುವ ಸಂಗ್ರಹವು ಅಮೆರಿಕಾದ ಓದುಗನಿಗೆ ಸಾಕಾದೀತು, ನಮಗೆ ಸಾಲದು. ದುಡಿಮೆಯ ಫಲವನ್ನು ಮುಟ್ಟದೆ ನೆಲದ ಮಿಗುತೆಯನ್ನು ಮಾತ್ರ ತೆಗೆದುಕೊಳ್ಳುವುದು ಜಾರ್ಜನ ಬೋಧೆ. ಎರಡನ್ನೂ ಕೂಡಿಸಿ ಎತ್ತುವುದು ನಾವು ಕಂಡ ಕಂದಾಯ. ಈ ಭೇದವನ್ನು ಕಾಣಿಸದ ಅನುವಾದವು ಗ್ರಂಥಕರ್ತನ ಬಾಯಿಂದ ಆತನ ಮತಕ್ಕೆ ವಿರುದ್ಧವಾದುದನ್ನೇ ನುಡಿಸಿದಂತಾಗುವುದು. ‘ಗೇಣಿ’, ‘ಕಂದಾಯ’ಗಳೆರಡನ್ನೂ ಬಿಟ್ಟು ‘ನೆಲದ ಮಿಗುತೆ’ಯೆಂದು ಹೇಳುವುದು ನನಗೆ ಯುಕ್ತವಾಗಿ ತೋರುತ್ತದೆ. ಇದಕ್ಕಿಂತ ಮೇಲಾದ ಪದವನ್ನು ವಿದ್ವಾಂಸರು ಸೂಚಿಸಿದರೆ ಸಂತೋಷ. ಆದರೂ, ಬೆಳೆಯಲ್ಲಿ ಎಷ್ಟು ನೆಲದ್ದು, ಎಷ್ಟು ದುಡಿದವನದ್ದು ಎಂದು ಅಳೆಯುವ ಕೈಯು ಅಧಿಕಾರಿಯದೇ ಆಗಿರುವಾಗ, ಆ ಅಳತೆಯನ್ನು ನಂಬುವುದೆಂತು ಎಂಬ ಪ್ರಶ್ನೆಗೆ ಗ್ರಂಥದಲ್ಲಿ ತೃಪ್ತಿಕರವಾದ ಸಮಾಧಾನವಿಲ್ಲವೆಂಬುದನ್ನೂ ಮರೆಮಾಚಬಾರದು.

ಸಂಸ್ಥೆಯ ಬಗೆಗೆ ನ್ಯಾಯವಾಗಿ ಹೇಳಬೇಕಾದ ಇನ್ನೊಂದು ಮಾತುಂಟು. 1941ರಲ್ಲಿ ಆರಂಭವಾದ ‘ಅಮೆರಿಕನ್ ಜರ್ನಲ್ ಆಫ್ ಇಕನಾಮಿಕ್ಸ್ ಅಂಡ್ ಸೋಷಿಯಾಲಜಿ’ ಎಂಬ ವಿದ್ವತ್ಪತ್ರಿಕೆಗೆ ಅದು ನೆರವಾಯಿತು. ಒಂದು ಮತವನ್ನು ಹರಡಲು ಹುಟ್ಟಿದ ದತ್ತಿಯು ವಿಚಾರದ ವೇದಿಕೆಯೊಂದನ್ನು ಪೋಷಿಸಿದುದು ಶ್ಲಾಘನೀಯ. ಆದರೆ ಅದರ ಸೇವೆಗಳಲ್ಲಿ ಮಿಗಿಲಾದುದು ಮೂಲವನ್ನು ಎಂದಿಗೂ ದುರ್ಲಭವಾಗಗೊಡದಿದ್ದುದೇ. ಸಂಗ್ರಹವನ್ನು ಓದಿ ತೃಪ್ತನಾಗದವನು ಮೂಲಕ್ಕೆ ಹೋಗಬಹುದು. ಕನ್ನಡದಲ್ಲಿ ಈ ಕೆಲಸಕ್ಕೆ ಕೈಹಾಕುವವರು ಸಂಗ್ರಹವನ್ನು ಆಧಾರವಾಗಿಟ್ಟುಕೊಳ್ಳದೆ ಮೂಲದಿಂದಲೇ ತೊಡಗಲಿ. ಹತ್ತು ಸ್ಕಂಧಗಳೂ ಒಮ್ಮೆಗೇ ಆಗದಿದ್ದರೆ, ಭಾರತವನ್ನು ಕುರಿತ ಪುಟಗಳನ್ನೂ ಹುಲ್ಲುಗಾವಲಿನ ಅಧ್ಯಾಯವನ್ನೂ, ನಡುವಣ ಮೂರನೆಯ ಸ್ಕಂಧದೊಡನೆ, ಒಂದೂ ವಾಕ್ಯವನ್ನು ಬಿಡದೆ ಮೊದಲು ತರಲಿ.