ಮಣ್ಣಿನ ಹದ ಮತ್ತು ಕೇತಲದೇವಿಯ ವಚನ

ಹನ್ನೆರಡನೆಯ ಶತಮಾನದ ಶರಣೆ, ಕುಂಬಾರ ಗುಂಡಯ್ಯನ ಧರ್ಮಪತ್ನಿ ಕೇತಲದೇವಿಯ ಹೆಸರಿನಲ್ಲಿ ಉಳಿದು ಬಂದಿರುವುದು ಒಂದೇ ವಚನ. ಕುಂಭೇಶ್ವರ ಎಂಬುದು ಅದರ ಅಂಕಿತ. ಹದಗೊಂಡ ಮಣ್ಣು ಮಾತ್ರ ಮಡಕೆಯಾದೀತೆಂದು ಆರಂಭಿಸಿ ಆಕೆ ವ್ರತಹೀನರ ಸಂಗವನ್ನು ನಿರಾಕರಿಸುತ್ತಾಳೆ. ವ್ರತನಿಷ್ಠೆಗೆ ಇದೊಂದು ನಿದರ್ಶನವೆಂದು ಹೇಳಿ ಮುಂದೆ ಸಾಗುವುದು ವ್ಯಾಖ್ಯಾನಕಾರರ ವಾಡಿಕೆ. ಮೊದಲ ಮಾತಿನಲ್ಲಿ ಅಡಗಿರುವ ಕಾಯಕದ ಅನುಭವಕ್ಕೆ ಇದರಿಂದ ನ್ಯಾಯ ದೊರೆತಿಲ್ಲ.

ಮಣ್ಣು ತಾನಾಗಿ ಹದವಾಗಿರುವುದಿಲ್ಲ. ಕೆರೆಯಂಗಳದ ಜೇಡಿಯನ್ನು ಒಣಗಿಸಿ, ಕುಟ್ಟಿ, ಕಲ್ಲು ಬೇರುಗಳನ್ನು ಆರಿಸಿ, ನೆನೆಯಿಟ್ಟು, ಕಾಲಿನಿಂದ ತುಳಿದು ಹದಕ್ಕೆ ತರಬೇಕು. ಈ ತುಳಿತವೇ ಅದಕ್ಕೆ ದೊರೆಯುವ ಸಂಸ್ಕಾರ. ಜೇಡಿಗೆ ನೆನಪೂ ಉಂಟು. ಬಾಗಿದ ಹಸಿಮಣ್ಣನ್ನು ನೇರ ಮಾಡಿಟ್ಟರೂ ಒಣಗುವಾಗಲೋ ಬೇಯುವಾಗಲೋ ಅದು ಹಳೆಯ ಬಾಗಿಗೇ ತಿರುಗುವುದುಂಟು. ಹಸಿ ಮಡಕೆ ಒಡೆದರೆ ನೀರಿನಲ್ಲಿ ನೆನೆಸಿ ಮತ್ತೆ ಮಣ್ಣಾಗಿಸಬಹುದು. ಆವಿಗೆಯಲ್ಲಿ ಸುಮಾರು 600 ಡಿಗ್ರಿ ಸೆಲ್ಸಿಯಸ್ ದಾಟಿ ಬೆಂದುದು ಮಾತ್ರ ಮಣ್ಣಿಗೆ ಮರಳದು. ಅದರ ಕಣಗಳಲ್ಲಿ ಬೆಸೆದುಕೊಂಡಿದ್ದ ನೀರೇ ಹೊರಟುಹೋಗಿರುತ್ತದೆ. ಹಾಗಾದರೆ ಕೇತಲದೇವಿ ದೂರವಿಡುವ ವ್ರತಹೀನನು ಹದ ಕಾಣದ ಹಸಿಮಣ್ಣೋ, ಬೆಂದು ಒಡೆದ ಬೋಕಿಯೋ? ಮೊದಲನೆಯವನಿಗೆ ಇನ್ನೂ ನೀರುಂಟು, ತುಳಿತವುಂಟು, ತಿಗರಿಯುಂಟು. ಎರಡನೆಯವನಿಗೆ ಅವಿಲ್ಲ. ವಚನವು ಇದನ್ನು ಬಿಡಿಸಿ ಹೇಳುವುದಿಲ್ಲ. ಆದರೆ ಆಕೆ ಆರಿಸಿಕೊಂಡ ಉಪಮೆ ಹದದ್ದೇ ಹೊರತು ಆವಿಗೆಯದಲ್ಲವೆಂಬುದನ್ನು ಓದುಗರು ಮರೆಯಬಾರದು.

ನೆಲದಿಂದಲೇ ನೆನಪನ್ನು ಕಟ್ಟುವ ಬಗೆ ಮಲೆನಾಡಿಗೆ ಹೊಸದಲ್ಲ. ಸಾಗರ ಸೀಮೆಯ ದೀವರ ಮನೆಗಳಲ್ಲಿ ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಯ ಬಿಳುಪಿನಿಂದ ಹಸೆಚಿತ್ತಾರ ಮೂಡುತ್ತದೆ. ಆನಂದಪುರದ ಬಳಿಯ ಚಂಪಕ ಸರಸಿನ ಕಥೆಯಂತೂ ಮನಕಲಕುವಂಥದು. ರಂಗವಲ್ಲಿಯಲ್ಲಿ ನಿಪುಣೆಯಾದ ಚಂಪಕೆ ಕೆಳದಿಯ ವೆಂಕಟಪ್ಪ ನಾಯಕನ ಒಲವಿಗೆ ಪಾತ್ರಳಾಗಿ, ಲೋಕಾಪವಾದವನ್ನು ತಾಳಲಾರದೆ ಪ್ರಾಣ ಬಿಟ್ಟಳೆಂದೂ, ನಾಯಕನು ಆಕೆಯ ನೆನಪಿಗೆ ಆ ಕೊಳವನ್ನು ಕಟ್ಟಿಸಿದನೆಂದೂ ಜನರ ಹೇಳಿಕೆ. ಆಕೆಯ ರಂಗವಲ್ಲಿ ಅಂದಂದಿಗೇ ಅಳಿಸಿತು, ಕೊಳ ಉಳಿದಿದೆ. ಸಂಗಕ್ಕೆ ಯೋಗ್ಯರಾರು, ಅಯೋಗ್ಯರಾರು ಎಂದು ಊರು ತೀರ್ಪು ಕೊಟ್ಟಾಗ ಏನಾಗುತ್ತದೆಂಬುದನ್ನು ಬಲ್ಲ ಈ ಸೀಮೆಯಲ್ಲಿ ಕೇತಲದೇವಿಯ ವಚನವನ್ನು ಎಚ್ಚರದಿಂದಲೇ ಓದಬೇಕು. ಆಕೆಯ ಅಳತೆ ವ್ರತದ್ದು; ಅಪವಾದ ಹೊರಿಸಿದವರ ಅಳತೆ ಹುಟ್ಟಿನದು, ಸ್ಥಾನಮಾನದ್ದು. ಒಂದರ ಹೆಸರಿನಲ್ಲಿ ಮತ್ತೊಂದನ್ನು ಸಮರ್ಥಿಸುವವರು ಇಂದಿಗೂ ಇಲ್ಲದಿಲ್ಲ.

ಹರಿಹರನ 'ಕುಂಬಾರ ಗುಂಡಯ್ಯನ ರಗಳೆ'ಯನ್ನೂ ಈ ಬೆಳಕಿನಲ್ಲಿ ನೋಡಬೇಕು. ಗುಂಡಯ್ಯನು ಮಡಕೆ ಬಾರಿಸಿದಾಗ ಆ ನಾದಕ್ಕೆ ಶಿವನು ಇಳಿದುಬಂದು ಕುಣಿದನೆಂಬ ಪ್ರಸಂಗವನ್ನು ಪವಾಡವೆಂದಷ್ಟೇ ಕಾಣುವವರು ಕುಂಬಾರನ ಕೈಯನ್ನು ಗಮನಿಸಿಲ್ಲ. ಬೆಂದ ಮಡಕೆಯನ್ನು ಬೆರಳಿನಿಂದ ತಟ್ಟಿ ನೋಡುವುದು ಕಸುಬಿನ ನಿತ್ಯದ ಪರೀಕ್ಷೆ. ಗಟ್ಟಿಯಾದುದು ಗಣಗಣಿಸುತ್ತದೆ. ಕೂದಲೆಳೆಯಷ್ಟು ಬಿರುಕಿದ್ದರೂ ದನಿ ಮಂಕಾಗುತ್ತದೆ, ಕಣ್ಣಿಗೆ ಕಾಣದ ಗಾಯ ಕಿವಿಗೆ ತಿಳಿಯುತ್ತದೆ. ಹರಿಹರನು ಹಾಡಿದ್ದು ಈ ತಟ್ಟುವಿಕೆಯನ್ನೇ. ದಿನವೂ ಆ ದನಿಯನ್ನು ಕೇಳುತ್ತಿದ್ದ ಮನೆಯೊಳಗಿಂದ ಕೇತಲದೇವಿಯ ವಚನವೂ ಹೊರಟಿದೆ.