ಕಿವಿಯಿಲ್ಲದ ಪ್ರವಾಸಕಥನ

ತುಮಕೂರು ಜಿಲ್ಲೆಯ ಬಡಗಣ ತಾಲ್ಲೂಕುಗಳ ಚರಿತ್ರೆಯನ್ನು ಬರೆಯಹೊರಟವರು, ಮಧುಗಿರಿಯ ಕೋಟೆಯನ್ನು ಕುರಿತಾಗಲಿ ಸಿರಾದ ಸುಬೆಯನ್ನು ಕುರಿತಾಗಲಿ, ಮೊದಲ ಪುಟಗಳಲ್ಲಿಯೇ ಫ್ರಾನ್ಸಿಸ್ ಬುಕಾನನನಿಗೆ ನಮಸ್ಕಾರ ಸಲ್ಲಿಸಿ ಮುಂದುವರಿಯುವುದು ಒಂದು ಸಂಪ್ರದಾಯವೇ ಆಗಿಬಿಟ್ಟಿದೆ. ಶ್ರೀರಂಗಪಟ್ಟಣವು ಬಿದ್ದ ಮರುವರ್ಷ, ಎಂದರೆ 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಮದರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿ 1801ರಲ್ಲಿ ಹಿಂದಿರುಗಿದ ಈ ಸ್ಕಾಟಿಷ್ ವೈದ್ಯನ ದಿನಚರಿಯು 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ನಮ್ಮ ನಾಡಿನ ಅಂದಿನ ಬದುಕೆಲ್ಲವೂ ಅದರಲ್ಲಿ ಪಡಿಮೂಡಿದೆಯೆಂಬ ಕೀರ್ತಿ ಅಂದಿನಿಂದ ಇಂದಿನವರೆಗೂ ಮುಕ್ಕಾಗದೆ ಉಳಿದಿದೆ. ಆ ಕೀರ್ತಿಯಲ್ಲಿ ಅರ್ಧವಷ್ಟೇ ನ್ಯಾಯವಾದದ್ದು, ಉಳಿದರ್ಧವು ನಾವು ಪರೀಕ್ಷೆಯಿಲ್ಲದೆ ಕೊಟ್ಟದ್ದು ಎಂಬುದು ನನ್ನ ಅಭಿಪ್ರಾಯ.

ನ್ಯಾಯವಾದ ಅರ್ಧವನ್ನು ಕುರಿತು ಹೆಚ್ಚು ಹೇಳಬೇಕಾಗಿಲ್ಲ. ರಾಗಿಯ ಹೊಲಕ್ಕೆ ಎಷ್ಟು ಸಾಲು ಉಳುಮೆ, ಕೆರೆಯ ಕೆಳಗಣ ಗದ್ದೆಗೆ ಯಾವ ಬೀಜ, ಸಂತೆಗೆ ಯಾವ ಸರಕು ಎಲ್ಲಿಂದ ಬರುತ್ತದೆ ಎಂಬುದನ್ನು ಆತನಂತೆ ಕೆದಕಿ ಕೇಳಿದವರು ಅವನಿಗೆ ಮೊದಲು ಯಾರೂ ಇರಲಿಲ್ಲ. ಮಧುಗಿರಿ, ಚನ್ನರಾಯನದುರ್ಗಗಳ ಗುಡ್ಡಸೀಮೆಯಲ್ಲಿ ಮಳೆನೀರು ಬಂಡೆಗಳಿಂದ ಕೊಚ್ಚಿ ತರುವ ಕಪ್ಪು ಮರಳನ್ನು ತೊಳೆದು, ಇದ್ದಲಿನ ಕುಲುಮೆಯಲ್ಲಿ ತಿದಿಯೊತ್ತಿ ಕಬ್ಬಿಣವನ್ನು ಇಳಿಸುತ್ತಿದ್ದ ಕ್ರಮವು, ಆಳುಗಳ ಸಂಖ್ಯೆ ಮತ್ತು ಕೂಲಿಯ ಸಮೇತ, ಇಂದು ನಮಗೆ ತಿಳಿದಿರುವುದು ಬಹುಮಟ್ಟಿಗೆ ಆತನಿಂದಲೇ. ಆ ಕುಲುಮೆಗಳು ಆರಿಹೋದ ಮೇಲೆ ಆ ಪುಟಗಳ ಬೆಲೆ ಇಮ್ಮಡಿಸಿದೆ.

ನನ್ನ ತಕರಾರು ಹುಟ್ಟುವುದು ಆತನು ದನಗಾಹಿಗಳ ನಡುವೆ ಕುಳಿತಾಗ. ಕೊರಟಗೆರೆಯ ಬೆಟ್ಟಸಾಲಿನಿಂದ ಸಿರಾದ ಬಯಲಿನವರೆಗೆ, ಅಲ್ಲಿಂದ ಪಾವಗಡ, ಹಿರಿಯೂರುಗಳ ಕಡೆಗೆ ಹಬ್ಬಿರುವ ಈ ಕುರುಚಲು ಕಾಡು ಕಾಡುಗೊಲ್ಲರ ನೆಲೆ. ಇವರನ್ನು ಬುಕಾನನನು ಕಡೆಗಣಿಸಲಿಲ್ಲ. ಊರ ಗೊಲ್ಲರಿಂದ ಬೇರೆಯಾಗಿ ಗುರುತಿಸಿದನು. ಆದರೆ ಆತನ ವಿಧಾನವನ್ನು ನೋಡಿರಿ. ಯಾವ ಊರಿಗೆ ಹೋದರೂ ಬಲ್ಲವರೆನಿಸಿದ ಕೆಲವರನ್ನು ತನ್ನ ಬಿಡಾರಕ್ಕೆ ಕರೆಸುವುದು, ದುಭಾಷಿಯ ಮೂಲಕ ಪ್ರಶ್ನೆಗಳನ್ನು ಹಾಕುವುದು, ಉತ್ತರವನ್ನು ಅಂದಿನ ತೇದಿಯ ಕೆಳಗೆ ಬರೆದುಕೊಳ್ಳುವುದು. ಪ್ರಶ್ನೆಗಳು ಮಾತ್ರ ಎಲ್ಲ ಜಾತಿಗಳಿಗೂ ಹೆಚ್ಚುಕಡಿಮೆ ಒಂದೇ: ಮಾಂಸ ತಿನ್ನುವರೆ, ಮದ್ಯ ಕುಡಿಯುವರೆ, ಹೆಂಡತಿಯನ್ನು ಬಿಡಬಹುದೆ, ಹೆಣವನ್ನು ಹೂಳುವರೆ ಸುಡುವರೆ, ಗುರು ಯಾರು, ಅವನಿಗೆ ಕೊಡುವ ಕಾಣಿಕೆ ಎಷ್ಟು. ನೇಕಾರನಿಗೂ ಕುರುಬನಿಗೂ ಗೊಲ್ಲನಿಗೂ ಇದೇ ಪಟ್ಟಿ. ತೃಪ್ತಿಕರವಾದ ಉತ್ತರ ಬಾರದಿದ್ದಲ್ಲಿ ಹೇಳಿದವನು ಅಜ್ಞಾನಿಯೆಂಬ ಷರಾ.

ಈ ಪಟ್ಟಿಯಲ್ಲಿ ಇಲ್ಲದ ಪ್ರಶ್ನೆ ಒಂದೇ: ನೀವು ಹಾಡುವುದೇನು? ದೇವಾಲಯದ ನರ್ತಕಿಯರೂ ಅವರ ಮೇಳದವರೂ ಆತನ ಗ್ರಂಥದಲ್ಲಿ ಬರುತ್ತಾರೆ. ಆದರೆ ಅವರು ಬರುವುದು ಸಂಬಳವುಳ್ಳ ಒಂದು ವರ್ಗವಾಗಿ. ಮುಳ್ಳುಬೇಲಿಯ ಹಟ್ಟಿಯೊಳಗೆ ಇರುಳು ಕುಳಿತು ಸಂಬಳವಿಲ್ಲದೆ ಹಾಡುವವನು ಆ ಪುಟಗಳೊಳಕ್ಕೆ ಬರಲೇ ಇಲ್ಲ. ಕಾಡುಗೊಲ್ಲರ ಗಣೆಯನ್ನು ಒಮ್ಮೆ ಕೇಳಿದವರಿಗೆ ಈ ಮೌನದ ಅಳತೆ ತಿಳಿದೀತು. ಮೂರಡಿಗೂ ಮಿಗಿಲಾದ ಬಿದಿರಿನ ಆ ಕೊಳಲಿನಿಂದ ಸ್ವರದೊಡನೆ ಉಸಿರಿನ ಸದ್ದೂ ಹೊರಡುತ್ತದೆ. ಹಾಡುಗಾರನು ಕಥೆಯನ್ನು ಒಂದಷ್ಟು ಹಾಡಿ, ನಿಲ್ಲಿಸಿ, ಗಣೆಯನ್ನು ತುಟಿಗೆ ಹಚ್ಚುತ್ತಾನೆ, ಬಾಯಿ ಬಿಟ್ಟ ಮಾತನ್ನು ಬಿದಿರು ಎತ್ತಿಕೊಳ್ಳುತ್ತದೆ. ಹೀಗೆ ಸಾಗುವುದು ಜುಂಜಪ್ಪನ ಕಾವ್ಯ: ದನಗಾಹಿಯಾದ ವೀರನ ಹುಟ್ಟು, ಸೋದರಮಾವಂದಿರ ದ್ವೇಷ, ವಿಷ. ಸಿರಾ ತಾಲ್ಲೂಕಿನ ಕಳುವರಹಳ್ಳಿಯಲ್ಲಿ ಅವನ ಗುಡ್ಡೆಯಿದೆ, ಇಂದಿಗೂ ಪೂಜೆ ನಡೆಯುತ್ತದೆ. ಬುಕಾನನನಲ್ಲಿ ಎತ್ತಿಗೆ ತಳಿಯಿದೆ, ಬೆಲೆಯಿದೆ. ಈ ಕಾವ್ಯದಲ್ಲಿ ಗೂಳಿಗೆ ಬಡಮೈಲನೆಂಬ ಹೆಸರಿದೆ. ಒಂದೇ ಹಟ್ಟಿಯ ಒಂದೇ ಪಶುಸಂಪತ್ತನ್ನು ಕುರಿತ ಈ ಎರಡು ಜ್ಞಾನಗಳಲ್ಲಿ ಮೊದಲನೆಯದನ್ನು ಮಾತ್ರ ಚರಿತ್ರೆಯೆಂದು ಕರೆದು ಬಂದಿದ್ದೇವೆ.

ಹೀಗೆಂದಾಗ ಎರಡು ಕಡೆಯ ವಿಮರ್ಶಕರು ಎದ್ದು ನಿಲ್ಲುವರು. ಕೃಷಿ ಕಂದಾಯಗಳನ್ನು ವಿಚಾರಿಸಲು ಬಂದವನಿಂದ ಹಾಡನ್ನು ಬಯಸುವುದು ಅನ್ಯಾಯವೆನ್ನುವುದು ಒಂದು ಪಕ್ಷ. ಇವರು ಗ್ರಂಥದ ಮುಖಪುಟವನ್ನು ಓದಬೇಕು. ಅಲ್ಲಿ ಕೃಷಿ, ವಾಣಿಜ್ಯಗಳ ಜೊತೆಯಲ್ಲಿಯೇ ಧರ್ಮ, ಆಚಾರ, ಚರಿತ್ರೆ, ಪುರಾತನ ವಸ್ತುಗಳೆಲ್ಲವೂ ಪ್ರತಿಜ್ಞೆಯಾಗಿವೆ. ಜುಂಜಪ್ಪನ ಹಾಡು ಆಗ ಇತ್ತೆಂಬುದಕ್ಕೆ ಲಿಖಿತ ಪ್ರಮಾಣವೆಲ್ಲಿ ಎಂದೂ ಅವರು ಕೇಳುವುದುಂಟು. ಬರೆಯಬೇಕಾಗಿದ್ದ ಸಾಕ್ಷಿಯು ಬರೆಯಲಿಲ್ಲವೆಂಬುದೇ ಇಲ್ಲಿನ ಆಪಾದನೆಯಾಗಿರುವಾಗ, ಅವನ ಮೌನವನ್ನೇ ಅವನ ಪರವಾದ ಪ್ರಮಾಣವಾಗಿ ಒಡ್ಡುವುದು ಎಂಥ ತರ್ಕ?

ಇನ್ನೊಂದು ಪಕ್ಷದವರು, ಆತನು ಕಂಪನಿಯ ನೌಕರ, ಆದುದರಿಂದ ಕಿವುಡ ಎಂದು ಒಂದೇ ಮಾತಿನಲ್ಲಿ ಮುಗಿಸುವರು. ಇದು ಇನ್ನೂ ಸೋಮಾರಿಯಾದ ವಾದ. ಸ್ಕಾಟ್ಲೆಂಡಿನದೇ ಆದ ಲೂಯಿಸ್ ದ್ವೀಪದ ಕಾಲಿನ್ ಮೆಕೆಂಜಿಯೂ ಕಂಪನಿಯ ನೌಕರನೇ. ಅದೇ ವರ್ಷಗಳಲ್ಲಿ ಇದೇ ಮೈಸೂರು ಸೀಮೆಯನ್ನು ಅಳೆಯುತ್ತಿದ್ದವನು. ಕಾವಲಿ ವೆಂಕಟ ಬೊರಯ್ಯನೂ ಅವನ ತಮ್ಮಂದಿರೂ ಆತನಿಗಾಗಿ ಊರೂರು ತಿರುಗಿ ಶಾನುಭೋಗರ ಕಡತ, ಪಾಳೆಯಗಾರರ ವಂಶಾವಳಿ, ಸ್ಥಳೀಯ ಕೈಫಿಯತ್ತುಗಳನ್ನು ಜನರ ನುಡಿಯಲ್ಲಿಯೇ ಬರೆಸಿ ತಂದರು. ಜನರು ತಮ್ಮನ್ನು ಕುರಿತು ತಾವೇ ಹೇಳಿಕೊಳ್ಳುವ ಕಥೆಗೂ ಬೆಲೆಯುಂಟೆಂದು ಆ ಯಜಮಾನನು ಬಲ್ಲನು. ಕಿವುಡುತನವು ಕಂಪನಿಯ ಸಂಬಳದಿಂದ ಬಂದದ್ದಾದರೆ ಮೆಕೆಂಜಿಗೂ ಬರಬೇಕಾಗಿತ್ತು.

ಅದು ಬುಕಾನನನ ದೇಶದಿಂದ ಬಂದದ್ದೂ ಅಲ್ಲ. ಆತನು ಹುಟ್ಟಿದ್ದು ಕ್ಯಾಲಂಡರಿನ ಸೀಮೆಯಲ್ಲಿ, ಹೈಲ್ಯಾಂಡಿನ ಅಂಚಿನಲ್ಲಿ. ವೈದ್ಯಪದವಿ ಪಡೆದದ್ದು 1783ರಲ್ಲಿ ಎಡಿನ್‌ಬರೋದಲ್ಲಿ. ಆ ನಗರದಲ್ಲಿಯೇ 1787ರಿಂದ ಜನಪದ ಗೀತೆಗಳ ಸಂಪುಟಗಳು ಹೊರಡತೊಡಗಿದವು, ಕವಿ ಬರ್ನ್ಸ್ ಅವುಗಳಿಗಾಗಿ ಹಾಡುಗಳನ್ನು ಹೆಕ್ಕಿ ತಂದನು. ವಾಲ್ಟರ್ ಸ್ಕಾಟನು ಗಡಿನಾಡಿನ ಲಾವಣಿಗಳನ್ನು 1802ರಲ್ಲಿ ಅಚ್ಚು ಹಾಕಿಸಿದನು. ಹೊಲ ಮನೆಗಳನ್ನು ಕಳೆದುಕೊಂಡು ಅಮೆರಿಕಕ್ಕೆ ವಲಸೆ ಹೋದ ಸ್ಕಾಟರೂ ಆ ಹಾಡುಗಳನ್ನು ಬಿಡಲಿಲ್ಲ. 1916ರಿಂದ ಮೂರು ವರ್ಷ ಅಪಲೇಷಿಯನ್ ಬೆಟ್ಟಗಳಲ್ಲಿ ತಿರುಗಿದ ಸೆಸಿಲ್ ಶಾರ್ಪನಿಗೆ ಹಳೆಯ ದೇಶದಲ್ಲಿ ಮರೆತುಹೋಗುತ್ತಿದ್ದ ಲಾವಣಿಗಳು ಬಡ ಒಕ್ಕಲುಗಳ ಬಾಯಲ್ಲಿ ದೊರೆತವು. ಇಂದು ಆ ಬೆಟ್ಟನಾಡಿನ ಚರಿತ್ರೆಯನ್ನು ಅರಿಯಲು ರಸ್ತೆ ಹಿಡಿದು ಹೊರಟವರು ಕೋಟೆ ಕದನಗಳ ಜೊತೆಗೆ ಪಿಟೀಲು ಬಾರಿಸುವವರ ಮನೆಯನ್ನೂ ಹುಡುಕಿಕೊಂಡು ಹೋಗುವುದು ಇದರಿಂದಲೇ. ತನ್ನ ಜನರ ಕುರಿಗಾಹಿಯ ಪದವು ಗ್ರಂಥಸ್ಥವಾಗುತ್ತಿದ್ದ ಯುಗದಲ್ಲಿ ಬೆಳೆದ ವಿದ್ವಾಂಸನಿಗೆ ಮಧುಗಿರಿಯ ದನಗಾಹಿಯ ಪದ ಕೇಳಬೇಕೆನಿಸಲಿಲ್ಲ. ಈ ಲೋಪವು ಆತನ ಸ್ವಂತದ್ದು. ಗ್ರಂಥದ ಗುಣದೋಷವನ್ನು ನಿರ್ಣಯಿಸುವಾಗ ಅದನ್ನು ಕಾಲದ ಲೆಕ್ಕಕ್ಕೆ ಬರೆಯಕೂಡದು.

ಆದುದರಿಂದ ಬುಕಾನನನ ಮಧುಗಿರಿ, ಸಿರಾ ಭಾಗಗಳನ್ನು ಇನ್ನು ಮುಂದೆ ಕನ್ನಡದಲ್ಲಿ ಪ್ರಕಟಿಸುವವರು ಕುಲುಮೆಯ ಪುಟಗಳನ್ನು ಇದ್ದಂತೆಯೇ ಇಡಲಿ. ಗೊಲ್ಲರ ಪ್ರಸಂಗ ಬಂದಾಗ, ಎದುರು ಪುಟದಲ್ಲಿ, ಅಷ್ಟೇ ದಪ್ಪದ ಅಕ್ಷರಗಳಲ್ಲಿ, ಹಟ್ಟಿಯ ಹಾಡುಗಾರರಿಂದ ಬರೆದುಕೊಂಡ ಜುಂಜಪ್ಪನ ಕಾವ್ಯಭಾಗವನ್ನು ಅಚ್ಚು ಹಾಕಲಿ.